ಟ್ರಾಯ್ಕೊನ ತಟ್ಟೆ

“ಕಲ್ಲಿಗೆ ಉಗಿತೀಯೇನ್ಲಾ ಬೋಳಿಮಗನೆ? ಅದೇನು ನಿಮ್ಮಪ್ಪನ ಗೋರೀನಾ?”

ಸ್ಮಾರಕದ ಕಲ್ಲು ಉಜ್ಜುತ್ತ ನಾನು ಉಗಿದದ್ದು ನಿಜ. ಅಕ್ಷರದ ಸಂದಿಯಲ್ಲಿ ಸಿಮೆಂಟು ಮೆತ್ತಿಕೊಂಡಿತ್ತು, ಬಕೆಟ್ಟಿನಲ್ಲಿ ನೀರು ಮುಗಿದಿತ್ತು. ರಾದಿಶಾ ಹಿಂದಿನಿಂದ ಬೂಟುಗಾಲಲ್ಲಿ ನನ್ನ ಪಕ್ಕೆಗೆ ತಿವಿದ. ಪ್ಲಮ್ ತೋಟ ಅವನದು, ಇಟ್ಟಿಗೆ ಗೂಡು ಅವನದು, ಈಗ ಸ್ಮಾರಕ ಸಮಿತಿಯೂ ಅವನದೇ. ಮೂರಕ್ಕೂ ಕೂಲಿಗಳು ನಾವು, ರೋಮಾ ಕೇರಿಯವರು, ಊರವರ ಬಾಯಲ್ಲಿ ಜಿಪ್ಸಿಗಳು.

“ಅಪ್ಪಂದಲ್ಲ, ತಾತಂದು,” ಎಂದೆ.

“ಥೂ! ಅದ್ರಲ್ಲಿ ಏನ್ ಬರ್ದೈತೆ ಓದ್ಲಾ. ಓ, ನಿಂಗೆ ಓದಾಕ್ ಬರಾಕಿಲ್ವಲ್ಲ.”

ಬರುತ್ತಿತ್ತು. ‘ಜರ್ಮನರ ಗುಂಡಿಗೆ ಎದೆಯೊಡ್ಡಿದ ಈ ಊರಿನ ವೀರ ರೈತರಿಗೆ.’ ಕಲ್ಲಿನ ಹಿಂದಿರುವ ಹೊಂಡದಲ್ಲಿ ಒಬ್ಬ ರೈತನೂ ಇಲ್ಲ. ಸಾವಿರದ ಒಂಬೈನೂರ ನಲವತ್ತೊಂದರ ಯುದ್ಧದಲ್ಲಿ, ತಮ್ಮ ಸಿಪಾಯಿಗಳು ಸತ್ತದ್ದಕ್ಕೆ ಪ್ರತಿಯಾಗಿ ಊರಿನ ಗಂಡಸರನ್ನು ಕೊಡಿ ಎಂದು ಜರ್ಮನರು ಕೇಳಿದಾಗ, ಆಗಿನ ಮುಖ್ಯಸ್ಥ, ಇದೇ ರಾದಿಶಾನ ಅಜ್ಜ, ನಮ್ಮ ಕೇರಿಗೆ ಬಂದ. ರಸ್ತೆ ಕೆಲಸ ಇದೆ, ಸಲಿಕೆ ತನ್ನಿ ಎಂದ. ಕೆಲಸ ಅಂದರೆ ಓಡೋಡಿ ಬರುವ ಚಾಳಿ ನಮ್ಮದು. ಆ ಸಲಿಕೆಗಳಿಂದಲೇ ಹೊಂಡ ತೋಡಿಸಿ, ಅಂಚಿಗೆ ನಿಲ್ಲಿಸಿ ಗುಂಡಿಕ್ಕಿದರು.

ನನ್ನ ಅವ್ವ ದಾರಿಂಕಾ ಆಗ ಅವಳ ಅವ್ವನ ಹೊಟ್ಟೆಯಲ್ಲಿದ್ದಳು. ಸಲಿಕೆ ಹೊತ್ತವರಲ್ಲಿ ಅವಳ ಅಪ್ಪ ಟ್ರಾಯ್ಕೊನೂ ಒಬ್ಬ. ತಾನು ಸಾಯುವ ಮುನ್ನ ಅವನ ಹೆಸರನ್ನು ಆ ಕಲ್ಲಿನ ಮೇಲೆ ನೋಡಬೇಕು, ಇದೊಂದೇ ಅವಳ ಹಟ.

ಕಲ್ಲು ಕೆತ್ತಿ ನೆಟ್ಟಾದ ಮೇಲೆ, ಅದರ ಮೇಲೆ ಏನು ಬರೆಯಬೇಕೆಂದು ಚರ್ಚಿಸಲು ಸಭೆ ಕರೆದರು! ಬೆಲ್‌ಗ್ರೇಡಿನಿಂದ ಇತಿಹಾಸದ ಪ್ರೊಫೆಸರ್ ಬಂದಿದ್ದರು. ನಮಗೆ ಕುರ್ಚಿ ಇರಲಿಲ್ಲ, ಗೋಡೆಗೆ ಒರಗಿ ನಿಂತೆವು.

“ಜರ್ಮನರ ವರದಿಯಲ್ಲಿ ‘ಊರಿನ ಗಂಡಸರು’ ಅಂತಷ್ಟೇ ಇದೆ,” ಎಂದರು ಪ್ರೊಫೆಸರ್. “ಜಿಪ್ಸಿಗಳು ಅಂತ ಎಲ್ಲೂ ಇಲ್ಲ.”

“ನಾವು ಊರಿನೋರಲ್ವಾ ಹಂಗಾರೆ?” ಅವ್ವ ಕೇಳಿದಳು.

“ಇವತ್ತು ಊರಿನೋರಾಗ್ಬಿಟ್ರಾ? ಕೋಳಿ ಕದಿಯೋವಾಗ ಯಾವೂರೇ ನಿಂದು?” ಎಂದ ರಾದಿಶಾ. ಸಭೆಯೆಲ್ಲ ಗೊಳ್ಳೆಂದಿತು. ಪಾದ್ರಿ ಗಡ್ಡದೊಳಗೇ ನಕ್ಕ.

ಪ್ರೊಫೆಸರ್ ಮಾತ್ರ ನಗಲಿಲ್ಲ. “ನೋಡಿ ಅಮ್ಮಾ, ನೀವು ಹೇಳೋದು ಕೇಳಿದ ಮಾತು. ಇತಿಹಾಸಕ್ಕೆ ಸಾಕ್ಷಿ ಬೇಕು. ಅಲ್ಲಿದ್ದವರು ಯಾರಾದರೂ ಬಂದು ಹೇಳಲಿ, ಬರ್ಕೋತೀನಿ.”

“ಅಲ್ಲಿದ್ದೋರೆಲ್ಲ ಇನ್ನೂ ಅಲ್ಲೇ ಅವ್ರೆ ಸ್ವಾಮಿ.”

“ಎಬ್ಬಿಸ್ಕೊಂಡ್ ಬಾರೇ ಮತ್ತೆ, ಮುದ್ಕಿ!” ರಾದಿಶಾ ಮೇಜು ಗುದ್ದಿದ.

ಅವ್ವ ಗೋಡೆ ಬಿಟ್ಟು ಮುಂದೆ ಬಂದಳು. “ಆಯ್ತು,” ಎಂದಳು.

ನಮ್ಮಲ್ಲಿ ಸತ್ತವರಿಗೆ ಊಟ ಹಾಕುವುದೆಂದರೆ ಬರೀ ಎಡೆ ಇಟ್ಟು ಕೈಮುಗಿಯುವುದಲ್ಲ. ಸತ್ತವನ ವಯಸ್ಸಿನವನೊಬ್ಬನಿಗೆ ಅಡಿಯಿಂದ ಮುಡಿಯವರೆಗೆ ಹೊಸ ಬಟ್ಟೆ ತೊಡಿಸಿ ಮೇಜಿಗೆ ಕೂರಿಸುತ್ತೇವೆ. ಊಟ ಮುಗಿಸಿ ಏಳುವ ತನಕ ಅವನೇ ಸತ್ತವನು. ಅವನನ್ನು ಸ್ವಂತ ಹೆಸರಿಂದ ಕರೆಯುವಂತಿಲ್ಲ, ಅವನಿಗೆ ಬಡಿಸದೆ ಯಾರೂ ತುತ್ತೆತ್ತುವಂತಿಲ್ಲ. ನಮ್ಮನ್ನು ಹಂದಿ ಅನ್ನುವ ರೈತರಿಗೂ ಸತ್ತವರ ಪಾಲು ಮುಟ್ಟಲು ಭಯ. ಟ್ರಾಯ್ಕೊ ಸತ್ತಾಗ ಅವನಿಗೆ ಇಪ್ಪತ್ತಾರು. ಈಗ ನನಗೂ ಅಷ್ಟೇ.

ಕಲ್ಲಿನ ಅನಾವರಣದ ಬೆಳಿಗ್ಗೆ ಅವ್ವ ನನಗೆ ಬಿಳಿ ಅಂಗಿ, ಕರಿ ಟೋಪಿ, ಹೊಸ ಬೂಟು ತೊಡಿಸಿದಳು. ಬೂಟು ಕಾಲು ಕಚ್ಚುತ್ತಿತ್ತು.

“ಅಪ್ಪನ ಕಾಲಿನ ಅಳತೆ ನಂಗೆಲ್ಲಿಂದ ಗೊತ್ತಾಗ್ಬೇಕು?” ಎಂದವಳೇ ನೆಲದಲ್ಲಿ ಕೂತು ಅತ್ತುಬಿಟ್ಟಳು. ನಾನು ಬೂಟಿನ ದಾರ ಬಿಗಿದು ಎದ್ದೆ. ಹೊರಗೆ ಬಂದರೆ ಕೇರಿಯ ಮನೆಮನೆಯಿಂದಲೂ ಹೊಸ ಬಟ್ಟೆಯವರು ಹೊರಡುತ್ತಿದ್ದರು.

ಹೊಂಡದ ಪಕ್ಕದಲ್ಲೇ ಉದ್ದನೆಯ ಮೇಜು ಹಾಕಿದ್ದರು. ಸುಟ್ಟ ಕುರಿಮಾಂಸ, ರೊಟ್ಟಿ, ಪ್ಲಮ್ ಸಾರಾಯಿ. ಪಾದ್ರಿ ಧೂಪ ಹಾಕುತ್ತಿದ್ದಾಗ ನಾವು ಹೋಗಿ ಅತಿಥಿಗಳ ಕುರ್ಚಿಗಳಲ್ಲಿ ಕೂತೆವು.

“ಸ್ರೆಟೆನ್! ಏಳ್ಲಾ ಮೇಲೆ, ನಿನ್ನವ್ವನ್!” ರಾದಿಶಾ ನನ್ನ ಮೇಲೆ ನುಗ್ಗಿ ಬಂದ.

“ಸ್ರೆಟೆನ್ ಬಂದಿಲ್ಲ,” ಎಂದಳು ಅವ್ವ. ನನ್ನ ಕೈ ಹಿಡಿದು, ಮಗಳು ಅಪ್ಪನಿಗೆ ಕೊಡುವ ಹಾಗೆ ಮುತ್ತು ಕೊಟ್ಟಳು. “ಇವ್ನು ಟ್ರಾಯ್ಕೊ. ಎಬ್ಬಿಸ್ಕೊಂಡ್ ಬಾ ಅಂದ್ಯಲ್ಲ.”

ಧೂಪ ಹಾಕುತ್ತಿದ್ದ ಪಾದ್ರಿಯ ಕೈ ನಿಂತಿತು. ರೈತರ ಹೆಂಗಸರು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡರು. ನಾನು ಪ್ರೊಫೆಸರರ ಕಡೆ ತಿರುಗಿದೆ.

“ಅಲ್ಲಿದ್ದೋರು ಬೇಕು ಅಂದ್ರಲ್ಲ ಸ್ವಾಮಿ, ಬರ್ಕೊಳ್ಳಿ. ಇವ್ನ ಅಜ್ಜ ಬಂದ. ರಸ್ತೆ ಕೆಲ್ಸ ಐತೆ ಅಂದ. ಸಲಿಕೆ ನಂದೇ.”

ಪ್ರೊಫೆಸರ್ ಪೆನ್ನು ತೆಗೆಯಲಿಲ್ಲ. ನನ್ನ ಪಕ್ಕದವನು ಕೂತಲ್ಲೇ ತನ್ನ ಸತ್ತವನ ಹೆಸರು ಹೇಳಿದ. ಅವನ ಪಕ್ಕದವನೂ ಹೇಳಿದ.

“ಎಳ್ದಾಕ್ರೋ ಈ ನನ್ಮಕ್ಳನ್ನ!” ರಾದಿಶಾ ಕಿರುಚಿದ. ಪೊಲೀಸನೊಬ್ಬ ಬಂದು ನನ್ನ ಭುಜಕ್ಕೆ ಕೈ ಚಾಚಿದ. ಅವನೂ ಇದೇ ಊರಿನ ರೈತನ ಮಗ. ಸತ್ತವನ ಹೊಸ ಅಂಗಿ ಮುಟ್ಟಲಾರದೆ ಕೈ ಹಿಂದಕ್ಕೆ ಎಳೆದುಕೊಂಡ.

ನಾನು ಖಾಲಿ ತಟ್ಟೆಯನ್ನು ರಾದಿಶಾನ ಎದೆಗೆ ಹಿಡಿದೆ.

“ಕೆಲ್ಸಕ್ಕೆ ಕರ್ದೋರು ಊಟ ಹಾಕ್ಬೇಕಲ್ವಾ ಧಣಿ? ಹೊಂಡ ತೋಡಿದ್ದಾಯ್ತು. ಬಡ್ಸು.”

ಅವನು ಬಡಿಸಲಿಲ್ಲ. ನಾವು ಏಳಲಿಲ್ಲ. ಸತ್ತವರಿಗೆ ಬಡಿಸದ ಊಟ ಮುಟ್ಟಲಾರದೆ ಅತಿಥಿಗಳು ನಿಂತೇ ಇದ್ದರು, ಕುರಿಮಾಂಸದ ಮೇಲೆ ಕೊಬ್ಬು ಬಿಳಿಚಿ ಹೆಪ್ಪುಗಟ್ಟುತ್ತ ಬಂತು.