ಔಷಧಿ ಬಿದ್ದ ಸಾಲು

ಬಸರೀಕಟ್ಟೆಯ ನಾಗವೇಣಿ ಒಟ್ಟು ಕುಟುಂಬದ ಕಾಫಿ ತೋಟಕ್ಕೆ ಕಳೆನಾಶಕ ಔಷಧಿ ಹೊಡೆಸುವುದನ್ನು ನಿಲ್ಲಿಸಿ ಮೂರು ವರ್ಷವಾಗಿತ್ತು. ಕತ್ತಿಯಲ್ಲಿ ಕಳೆ ಸವರಿಸಿ ಗಿಡದ ಬುಡಕ್ಕೇ ಮುಚ್ಚಿಸುತ್ತಿದ್ದಳು. ಹಾಗೆ ಬೆಳೆದ ಕಾಫಿಗೆ ಹೆಚ್ಚು ದರ ಕೊಡುವ ವ್ಯಾಪಾರಿ ಅಂದು ತೋಟ ನೋಡಲು ಬರುವವನಿದ್ದ. ಬೆಳಿಗ್ಗೆ ಹೋಗಿ ನೋಡಿದರೆ, ಗಂಡನ ಅಣ್ಣ ಶೇಷಪ್ಪ ಆಳಿನ ಬೆನ್ನಿಗೆ ಪಂಪು ಹೊರಿಸಿ ಔಷಧಿ ಹೊಡೆಸುತ್ತಿದ್ದ. ಒಂದು ಸಾಲು ಆಗಲೇ ನೆನೆದಿತ್ತು.

“ನಿಲ್ಸಿ ಭಾವ.”

“ತೋಟ ಕಾಡಾಗಿದೆ. ಬಂದವರು ನಗ್ತಾರೆ.”

ಅಷ್ಟರಲ್ಲಿ ವ್ಯಾಪಾರಿಯ ಜೀಪು ಬಂತು. “ಒಂದೇ ಸಾಲು, ಯಾರಿಗೂ ಗೊತ್ತಾಗಲ್ಲ. ಬಾಯಿ ಬಿಡಬೇಡ,” ಎಂದು ಶೇಷಪ್ಪ ಪಿಸುಗುಟ್ಟಿದ.

ನಾಗವೇಣಿ ಜೀಪಿನತ್ತ ನಡೆದಳು. ಹೇಳಿದರೆ ಇಡೀ ತೋಟವೇ ಬೇಡವೆಂದುಬಿಟ್ಟರೆ? ಆದರೂ ವ್ಯಾಪಾರಿಯನ್ನು ನೇರ ಆ ಸಾಲಿಗೇ ಕರೆದೊಯ್ದಳು.

“ಇಲ್ಲಿ ಇವತ್ತು ಔಷಧಿ ಬಿದ್ದಿದೆ. ಈ ಸಾಲಿನ ಹಣ್ಣು ಬೇರೆ ಕೊಯ್ಯಿಸ್ತೀನಿ, ನಿಮಗೆ ಕೊಡಲ್ಲ.”

ವ್ಯಾಪಾರಿ ದೂರದ ಸಾಲುಗಳಿಗೆ ಹೋಗಿ, ತರಗೆಲೆ ಸರಿಸಿ, ಹಿಡಿ ಮಣ್ಣು ಎತ್ತಿಕೊಂಡ. ಔಷಧಿ ಕಾಣದ, ಪುಡಿಪುಡಿಯಾದ ಕಪ್ಪು ಮಣ್ಣಿನ ತುಂಬ ಬಿಳಿ ಬೇರು. ಬಹಳ ಹೊತ್ತು ನೋಡಿದ.

“ಆ ಸಾಲು, ಅದರ ಅಕ್ಕಪಕ್ಕದ್ದು ಬಿಟ್ಟು ಉಳಿದದ್ದನ್ನ ಹೇಳಿದ ದರಕ್ಕೇ ತಗೋತೀನಮ್ಮ.”

ಜೀಪು ಹೋದ ಮೇಲೆ ಶೇಷಪ್ಪ ಆಳಿಗೆ, “ಪಂಪು ಮನೆಗೆ ತಗೊಂಡ್ಹೋಗು ಮಾರಾಯ,” ಎಂದ. ನಾಗವೇಣಿ ಅಲ್ಲೇ ಕಲ್ಲಿನ ಮೇಲೆ ಕುಳಿತಳು. ಆಮೇಲೆ ಎದ್ದು, ಬೇರೆ ಕೊಯ್ಯಿಸಬೇಕಾದ ಸಾಲುಗಳ ತುದಿಗೆ ಗುರುತಿನ ಕೋಲು ನೆಟ್ಟಳು.