ಗುಂಡಕ್ಷರ

"ಇಲ್ಲ ಅಂತಿದೆ ದೊಡ್ಡಮ್ಮ." ಪ್ಯೇ ಸೋನ್ ಮೂರನೆಯ ಸಲ ಹೇಳಿದ. "ಈ ನಂಬರಿನ ವಿದ್ಯಾರ್ಥಿನೇ ಇಲ್ವಂತೆ."

"ಇಲ್ಲ ಅನ್ನೋಕೆ ಅದ್ಯಾವ ದೊಡ್ಡ ಮನುಷ್ಯ ಅದು? ನಾನೇ ಕೈಯಾರೆ ಹಾಕಿದೀನಿ. ಸರಿಯಾಗಿ ಒತ್ತೋ!"

"ಇನ್ನೆಷ್ಟು ಸರಿಯಾಗಿ ಒತ್ಲಿ? ಬೆರಳು ತೂತಾಗ್ತಿದೆ."

ಡೋ ಓನ್ ಯೀ ಚಹಾದಂಗಡಿಯ ಗಿಡ್ಡ ಸ್ಟೂಲಿನಿಂದ ಅರ್ಧ ಎದ್ದು ಅವನ ಫೋನಿನತ್ತ ಕತ್ತು ಚಾಚಿದಳು. ಅವನು ಫೋನನ್ನು ಎದೆಗೆ ಒತ್ತಿಕೊಂಡ. ತಟ್ಟೆಗೆ ಸೇರಿಸಿದ ಫೋನನ್ನು ಗಿರಾಕಿಗಳ ಕೈಗೆ ಕೊಡುವುದಿಲ್ಲ ಎಂಬುದು ಅವನ ಅಂಗಡಿಯ ಕಾನೂನು. ಈಗ ತಮಾಗೋನ್‌ನಲ್ಲಿ ಚಹಾದಂಗಡಿಗೊಂದು ಕಾನೂನು, ಬಾವಿಗೊಂದು ಕಾನೂನು. ಇಲ್ಲದ್ದು ಸರ್ಕಾರ ಒಂದೇ. ಅವಳು ಗೊಣಗುತ್ತ ಮತ್ತೆ ಕುಳಿತಳು.

ತಟ್ಟೆ ಎಂದರೆ ಅಂಗಡಿಯ ಹಿಂದೆ ಆಕಾಶಕ್ಕೆ ಮುಖಮಾಡಿ ನಿಲ್ಲಿಸಿದ ಇಂಟರ್ನೆಟ್ಟಿನ ಬಿಳಿ ಹಲಗೆ. ಪ್ಯೇ ಸೋನ್ ಮೊದಲು ಫೋನ್ ಕಂಪನಿಯ ಗೋಪುರ ಹತ್ತುತ್ತಿದ್ದವನು. ಯುದ್ಧದ ಎರಡನೆಯ ವರ್ಷ ಗೋಪುರ ಸುಟ್ಟುಹೋಯಿತು, ಅವನು ಚಹಾ ಕಾಸತೊಡಗಿದ. ಕರೆಂಟಿನ ಕಂಬಗಳು ನಿಂತಿವೆ, ತಂತಿಗಳು ನೆಲಬಾಂಬು ಮಾಡುವವರ ಪಾಲಾಗಿವೆ. ಪೆಟ್ರೋಲು ಸಿಗದೆ ಮೂಲೆ ಸೇರಿದ್ದ ಎತ್ತಿನ ಗಾಡಿಗಳೆಲ್ಲ ರಸ್ತೆಗೆ ಬಂದಿವೆ, ಆದರೆ ಗಾಡಿಯ ಚಾವಣಿಯ ಮೇಲೆ ಸೋಲಾರ್ ಹಲಗೆ, ಅದರ ಕೆಳಗೆ ಗಾಡಿಯವನ ಫೋನು ಚಾರ್ಜಾಗುತ್ತಿರುತ್ತದೆ. ಊರು ಐವತ್ತು ವರ್ಷ ಹಿಂದಕ್ಕೂ ಇಪ್ಪತ್ತು ವರ್ಷ ಮುಂದಕ್ಕೂ ಒಟ್ಟಿಗೇ ಹೋಗಿತ್ತು, ನಡುವಿನಲ್ಲಿ ಬದುಕುವುದಕ್ಕೆ ಮಾತ್ರ ಜಾಗ ಉಳಿದಿರಲಿಲ್ಲ.

"ನಾಲ್ಕು ಗಂಟೆ ಅಂದಿದ್ರು ತರಬೇತಿಯವರು, ಸಯಾಮಾ," ಎಂದಳು ಪಕ್ಕದಲ್ಲಿ ಕುಳಿತಿದ್ದ ಮಾ ಚೋ. "ನಾಲ್ಕರೊಳಗೆ ಅವರಿಗೆ ಕಾಣಿಸ್ಲಿಲ್ಲ ಅಂದ್ರೆ ಸೀಟು ಬೇರೆಯವರಿಗಂತೆ."

"ನಂಗೆ ಗೊತ್ತಿಲ್ವಾ? ಬೆಳಗ್ಗಿಂದ ಅದನ್ನೇ ಹೇಳ್ತಿದೀಯಲ್ಲ."

ಮಾ ಚೋ ಚಾಪೆ ಹೆಣೆಯುವವಳು. ಗಂಡ ತೀರಿಕೊಂಡು ಆರು ವರ್ಷ. ಅವಳ ಮಗಳು ನಂದಾ ಲ್ವಿನ್ ಕೆನ್ನೆಗೆ ಹಚ್ಚಿದ್ದ ತನಾಖಾ ತೊಗಟೆಯ ಲೇಪ ಬೆವರಿಗೆ ಕರಗಿದ್ದರೂ ಒರೆಸಿಕೊಳ್ಳದೆ ಕುಳಿತಿದ್ದಳು. ಬೆಟ್ಟದಾಚೆಯ ಕಾಡಿನಲ್ಲಿ ಸೈನ್ಯದ ಆಡಳಿತದ ವಿರುದ್ಧ ಮುಷ್ಕರ ಹೂಡಿದ ಡಾಕ್ಟರುಗಳು ನಡೆಸುವ ಆಸ್ಪತ್ರೆಯಲ್ಲಿ ನರ್ಸುಗಳ ತರಬೇತಿ, ಹನ್ನೆರಡೇ ಸೀಟು. ಒಂದು ನಂದಾಳಿಗೆ ಎಂದು ಹೇಳಿಯೂ ಆಗಿತ್ತು. ಹತ್ತನೆಯ ತರಗತಿ ಪಾಸಾದದ್ದು ದಾಖಲೆಯಲ್ಲಿ ಕಂಡರೆ ನಾಳೆ ಬೆಳಿಗ್ಗೆ ಲಾರಿ ಹತ್ತುವುದು. ಕಾಣದಿದ್ದರೆ ಬುಧವಾರ ಸೋದರಮಾವನ ಜೊತೆ ಗಡಿ ದಾಟಿ ಬಟ್ಟೆ ಹೊಲಿಯುವ ಕಾರ್ಖಾನೆಗೆ. ಮಾವ ಬಂದು ಎರಡು ದಿನವಾಗಿತ್ತು.

ಒಂದು ಚೀಟಿ ಬರೆದುಕೊಟ್ಟರೆ ಮುಗಿಯುವ ಕೆಲಸ. ಆದರೆ ಚೀಟಿ ಬರೆಯುವಂತಿಲ್ಲ. ದಾರಿಯಲ್ಲಿ ಸೈನ್ಯದ ಎರಡು ತಪಾಸಣೆ, ಮುಷ್ಕರದ ಶಾಲೆಯ ಕಾಗದ ಚೀಲದಲ್ಲಿ ಸಿಕ್ಕರೆ ಹುಡುಗಿ ಸೀದಾ ಜೈಲಿಗೆ. ಅಲ್ಲದೆ ಸುಳ್ಳು ಕಾಗದ ತೋರಿಸಿ ಒಳಹೊಕ್ಕ ಒಬ್ಬ ಗೂಢಚಾರನಿಂದ ಹೋದ ವರ್ಷ ಆ ಆಸ್ಪತ್ರೆಯ ಮೇಲೆ ಬಾಂಬು ಬಿದ್ದಿತ್ತು. ಅಂದಿನಿಂದ ಅವರು ಮನುಷ್ಯರ ಮಾತು ನಂಬುವುದಿಲ್ಲ. ಯಂತ್ರ ಹೌದು ಎಂದರೆ ಹೌದು, ಇಲ್ಲ ಎಂದರೆ ಇಲ್ಲ.

ಇದೇ ಓನ್ ಯೀಯ ಹೊಟ್ಟೆ ಉರಿಸುತ್ತಿದ್ದದ್ದು. ಮೂವತ್ತೊಂದು ವರ್ಷ ಅವಳು ತಾಲೂಕು ಶಿಕ್ಷಣ ಕಚೇರಿಯಲ್ಲಿ ಟೈಪಿಸ್ಟು. ಅವಳ ಕಾಗದದಲ್ಲಿ ತಪ್ಪು ಹುಡುಕಿದವರಿಗೆ ಊಟ ಹಾಕಿಸುತ್ತೇನೆ ಎಂದು ಸಾಹೇಬರೇ ಪಂಥ ಕಟ್ಟುತ್ತಿದ್ದರು, ಒಬ್ಬರಿಗೂ ಆ ಊಟ ಸಿಕ್ಕಿರಲಿಲ್ಲ. ಸೈನ್ಯ ಅಧಿಕಾರ ಹಿಡಿದ ತಿಂಗಳೇ ಪಿಂಚಣಿಯ ಮುಖ ನೋಡದೆ ಮುಷ್ಕರಕ್ಕೆ ಎದ್ದು ಬಂದವಳು ತಂಗಿಯ ಊರಾದ ಇಲ್ಲಿ ನೆಲೆನಿಂತಳು. ಮುಷ್ಕರದವರು ಮರದಡಿ ನಡೆಸುವ ಶಾಲೆಗೆ ಗುಮಾಸ್ತೆಯಾದಳು. ಮಕ್ಕಳ ಹೆಸರು, ನಂಬರು ಶಾಲೆಯ ಫೋನಿನಲ್ಲಿ ತುಂಬಿಸುವುದು ಅವಳ ಪಾಲಿಗೆ ಬಂತು. ಪರೀಕ್ಷೆ ಬೇರೆ ಊರಿನಲ್ಲಿ, ನಂಬರು ನೋಡದೆ ಹೆಸರಿನ ಮುಂದೆ ಅಂಕ ತುಂಬುವವರು ಇನ್ನೆಲ್ಲೋ. ಒಂದು ದಿನವೂ ಪಾಠ ಮಾಡದ ಅವಳನ್ನು ಊರವರು ಸಯಾಮಾ, ಅಂದರೆ ಮೇಡಮ್ಮು, ಎಂದು ಕರೆಯುತ್ತಿದ್ದರು. ಬೇಡ ಎಂದು ಅವಳು ಒಂದು ಸಲವೂ ಹೇಳಿರಲಿಲ್ಲ.

"ಹೋದ ವರ್ಷವೂ ಐದು ಜನಕ್ಕೆ ಹೀಗೇ ಇಲ್ಲ ಅಂದಿತ್ತಲ್ವಾ," ಎಂದ ಪ್ಯೇ ಸೋನ್. "ಶನಿವಾರ ಹುಟ್ಟಿದ ಮಕ್ಕಳನ್ನ ಮೆಷಿನ್ನು ನುಂಗುತ್ತೆ ಅಂತ ಊರಲ್ಲೆಲ್ಲ ಸುದ್ದಿ."

"ನಾನು ಗುರುವಾರದವಳು," ಎಂದಳು ನಂದಾ ಮೆಲ್ಲಗೆ.

"ಹಾಗಾದ್ರೆ ಅದು ಗುರುವಾರಕ್ಕೂ ಬಾಯಿ ಹಾಕಿದೆ ಅಂತಾಯ್ತು."

"ನಗೋ ನಗು," ಓನ್ ಯೀ ಸಿಡುಕಿದಳು. "ನಾನು ಒಂದೊಂದು ಹೆಸರೂ ತುಂಬಿಸಿದ ಮೇಲೆ ಮತ್ತೆ ನಂಬರು ಒತ್ತಿ ನೋಡಿದೀನಿ. ಒಂದೂ ಬಿಟ್ಟಿಲ್ಲ, ಎಲ್ಲಾ ಬಂದಿತ್ತು. ತಪ್ಪು ನಿನ್ನ ತಟ್ಟೇದು."

ಅಷ್ಟರಲ್ಲಿ ಅಂಗಡಿಯ ವಾಕಿಟಾಕಿ ಗರಗರ ಎಂದಿತು. "ಹಕ್ಕಿ ಎದ್ದಿದೆ. ವಾಯವ್ಯಕ್ಕೆ. ಹಕ್ಕಿ ಎದ್ದಿದೆ."

ಹಕ್ಕಿ ಎಂದರೆ ಸೈನ್ಯದ ವಿಮಾನ. ಪ್ಯೇ ಸೋನ್ ಓಡಿಹೋಗಿ ತಟ್ಟೆಯ ಮೇಲೆ ತಾಳೆಗರಿಯ ಚಾಪೆ ಎಳೆದು, ಒಲೆಗೆ ನೀರು ಸುರಿದ. ನಾಲ್ವರೂ ಹಿತ್ತಲಿನ ಕಂದಕಕ್ಕೆ ಇಳಿದರು. ಆಗ ಗಡಿಯಾರದಲ್ಲಿ ಎರಡು ಗಂಟೆ ಹತ್ತು ನಿಮಿಷ. ಕಂದಕದಲ್ಲಿ ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ. ಓನ್ ಯೀಗೆ ಬಾಂಬಿನ ಭಯಕ್ಕಿಂತ ಹೊತ್ತು ಹೋಗುತ್ತಿದೆಯೆಂಬ ಸಿಟ್ಟೇ ದೊಡ್ಡದಾಗಿತ್ತು. ವಿಮಾನವಾದರೂ ಬಂದು ಹೋಗಬಾರದೇ? ಅದೂ ಇಲ್ಲ. ದೂರದಲ್ಲೆಲ್ಲೋ ಗುಂಯ್‌ಗುಡುತ್ತ ಅದು ಹೋಗಲೋ ಬೇಡವೋ ಎಂದು ಯೋಚಿಸುತ್ತಿದ್ದಂತಿತ್ತು.

"ಇವಳು ಸುಳ್ಳು ಹೇಳೋಳಲ್ಲ ಸಯಾಮಾ," ಮಾ ಚೋ ಇದ್ದಕ್ಕಿದ್ದಂತೆ ಹೇಳಿದಳು. "ಅಣ್ಣನ ಥರ ಅಲ್ಲ. ಪರೀಕ್ಷೆ ಬರೆದಿದಾಳೆ. ನಾನೇ ಜೊತೆಗೆ ಹೋಗಿ ಹೊರಗೆ ಕೂತಿದ್ದೆ, ಮೂರು ದಿನಾನೂ."

ಮಾ ಚೋಳ ಹಿರಿಯ ಮಗ ಸಿತು ಹೋದ ವರ್ಷದ ಐವರಲ್ಲಿ ಒಬ್ಬ. ಕರೆಂಟಿನ ಕೆಲಸ ಓದುತ್ತೇನೆಂದು ಕುಣಿಯುತ್ತಿದ್ದವನು. ನಂಬರು ಒತ್ತಿದರೆ ಇಲ್ಲ ಎಂದು ಬಂತು. ಅವನು ಬರೆದಿದ್ದೇನೆ ಎಂದು ಆಣೆ ಹಾಕಿದ. ಆಗ ಇದೇ ಓನ್ ಯೀ ಹತ್ತು ಜನರೆದುರು ಅಂದಿದ್ದಳು: "ನನ್ನ ಪಟ್ಟೀಲಿ ತಪ್ಪಿಲ್ಲಮ್ಮ. ನಿನ್ನ ಮಗ ಪರೀಕ್ಷೆಗೆ ಅಂತ ಹೋಗಿ ತಾಳೆತೋಪಲ್ಲಿ ಕೂತಿದ್ದು ಬಂದಿರ್ಬೇಕು." ಮಾ ಚೋ ಅಲ್ಲೇ ಕೈಗೆ ಸಿಕ್ಕ ಬಿದಿರು ಸೀಳಿನಿಂದ, ಮೀಸೆ ಚಿಗುರಿದ ಮಗನಿಗೆ ಬಾರಿಸಿದ್ದಳು. ಮಾರನೆಯ ದಿನ ಅವನು ಡ್ರೋನು ಮಾಡುವವರ ಕೊಟ್ಟಿಗೆ ಸೇರಿಕೊಂಡ. ಎಂಟು ತಿಂಗಳಾದ ಮೇಲೆ, ಅವನ ಬಲಗೈಯ ಮೂರು ಬೆರಳು ಹೋದವೆಂದು ಬೇರೆಯವರ ಬಾಯಿಂದ ಗೊತ್ತಾಯಿತು. ಅವನು ಮನೆಗೆ ಬಂದಿಲ್ಲ, ಫೋನು ಮಾಡಿಲ್ಲ.

"ನಂಗೆ ಆ ಮಗನ ಮೇಲೆ ಇನ್ನೂ ಸಿಟ್ಟು ಹೋಗಿಲ್ಲ," ಎಂದಳು ಮಾ ಚೋ. "ಓದ್ಲಿಲ್ಲ ಅಂದ್ರೆ ಓದ್ಲಿಲ್ಲ ಅನ್ನಬಹುದಿತ್ತು. ಎಲ್ಲರೆದುರು ತಾಯಿ ತಲೆ ಮುಟ್ಟಿ ಸುಳ್ಳಾಡಿದ್ನಲ್ಲ."

"ಅಮ್ಮಾ, ಸಾಕು," ಎಂದಳು ನಂದಾ.

ವಾಕಿಟಾಕಿ ಹಕ್ಕಿ ಇಳಿಯಿತು ಎಂದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಮೇಲೆ ಬಂದರೆ ಗಾಳಿಗೆ ಚಾಪೆಯ ಹಗ್ಗ ತಟ್ಟೆಯ ಕಾಲಿಗೆ ಸುತ್ತಿಕೊಂಡಿತ್ತು. ಪ್ಯೇ ಸೋನ್ ಕಾಲು ಮಣ್ಣಾಗಿ, ಎರಡೂ ಕೈಯಲ್ಲಿ ಹಗ್ಗ ಬಿಡಿಸುತ್ತ, ಕಾನೂನನ್ನೆಲ್ಲ ಮರೆತು ಕೂಗಿದ. "ದೊಡ್ಡಮ್ಮ, ಜೇಬಲ್ಲಿ ಫೋನಿದೆ ತಗೊಳ್ಳಿ. ನೀವೇ ಒತ್ತಿ. ಹೊತ್ತಿಲ್ಲ!"

ಓನ್ ಯೀ ಕನ್ನಡಕ ಏರಿಸಿಕೊಂಡು, ಹೆಬ್ಬೆರಳಿನಿಂದ ಪಟಪಟನೆ ಒತ್ತಿದಳು. ತ, ಎರಡು, ಸೊನ್ನೆ, ಏಳು, ಸೊನ್ನೆ. ತಟ್ಟೆ ಕಣ್ಣು ಬಿಟ್ಟಿತು. ಪರದೆಯ ಮೇಲೆ ನಂದಾ ಲ್ವಿನ್ ಎಂದು ಬಂತು, ತಂದೆಯ ಹೆಸರು ಬಂತು, ತೇರ್ಗಡೆ ಎಂದು ಬಂತು.

"ನೋಡು!" ಅವಳು ಅಂಗಡಿ ಹಾರಿಹೋಗುವಂತೆ ಕಿರುಚಿದಳು. "ನೋಡೋ ಮುಠ್ಠಾಳ! ನನ್ನ ಕೈಗೆ ಬಂತು. ಬೆಳಗ್ಗಿಂದ ನಿನ್ನ ಹಾಳು ಬೆರಳು ನಂಬ್ಕೊಂಡು ಕೂತಿದ್ನಲ್ಲ!"

ಮಾ ಚೋ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪ್ಯೇ ಸೋನ್ ಫೋನು ಇಸಿದುಕೊಂಡು ತಾನೊಮ್ಮೆ ಒತ್ತಿದ. ಇಲ್ಲ. ಮತ್ತೆ ಅವಳ ಕೈಗೆ ಕೊಟ್ಟ. ಬಂತು. ಮೂರನೆಯ ಸಲ ಅವನು ಪರದೆ ನೋಡಲಿಲ್ಲ, ಅವಳ ಹೆಬ್ಬೆರಳು ನೋಡಿದ.

"ದೊಡ್ಡಮ್ಮ," ಅವನ ದನಿ ಇಳಿಯಿತು. ತಾಯಿ ಮಗಳಿಗೆ ಬೆನ್ನು ತಿರುಗಿಸಿ ನಿಂತ. "ನೀವು ಒತ್ತಿದ್ದು ಸೊನ್ನೆ ಅಲ್ಲ. ವ."

"ಏನು?"

"ವ ಅಕ್ಷರ. ಸೊನ್ನೆ ಅಂಕಿಗಳ ಸಾಲಲ್ಲಿದೆ. ನೀವು ಕೆಳಗಿನ ಅಕ್ಷರ ಒತ್ತಿದ್ರಿ."

ಈ ನಾಡಿನ ಲಿಪಿಯಲ್ಲಿ ವ ಎಂದರೂ ಒಂದು ಗುಂಡು, ಸೊನ್ನೆ ಎಂದರೂ ಅದೇ ಗುಂಡು. ಕಚೇರಿಯ ಟೈಪ್ ಯಂತ್ರದಲ್ಲಿ ಸೊನ್ನೆಯ ಕೀಲಿ ಮುರಿದದ್ದು ಅವಳಿಗೆ ಮೂವತ್ತೈದು ವರ್ಷವಾಗಿದ್ದಾಗ. ರಿಪೇರಿಗೆ ಆರು ಸಲ ಅರ್ಜಿ ಹಾಕಿದಳು. ಅದನ್ನೂ ಅದೇ ಯಂತ್ರದಲ್ಲಿ, ವ ಒತ್ತಿಯೇ. ಯಾರೂ ಬರಲಿಲ್ಲ, ಯಾರಿಗೂ ವ್ಯತ್ಯಾಸವೂ ಕಾಣಲಿಲ್ಲ. ಕಾಗದದ ಮೇಲೆ ಗುಂಡು ಗುಂಡೇ. ಸೊನ್ನೆ ಬಂದಲ್ಲೆಲ್ಲ ಬೆರಳು ತಾನಾಗಿ ಆ ಅಕ್ಷರಕ್ಕೇ ಹೋಗುತ್ತಿತ್ತು. ಅವಳು ಅದನ್ನು ಮರೆತೇ ಎಷ್ಟೋ ವರ್ಷವಾಗಿತ್ತು.

"ನೀವು ವ ಅಂತ ತುಂಬಿದ್ರಿ, ವ ಅಂತ ಹುಡುಕಿದ್ರಿ, ಅದಕ್ಕೇ ನಿಮಗೆ ಸಿಗ್ತು. ಬೇರೆಯವರೆಲ್ಲ ಸೊನ್ನೆ ಒತ್ತಿದ್ರು. ನಂಬರಲ್ಲಿ ಸೊನ್ನೆ ಇರೋರಿಗೆ ಮಾತ್ರ ಇಲ್ಲ ಅಂತ ಬಂತು," ಎಂದ ಪ್ಯೇ ಸೋನ್. ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ. ಮೂರೂವರೆ ದಾಟಿತ್ತು. ಅವನು ತರಬೇತಿಯವರಿಗೆ ಕರೆ ಹಚ್ಚಿದ.

ಆ ಕಡೆಯ ಹೆಂಗಸಿನ ದನಿಗೆ ದಣಿವೂ ಸಿಡಿಮಿಡಿಯೂ ಒಟ್ಟಿಗೇ ಇದ್ದವು. "ಎಷ್ಟು ಸಲ ಹೇಳ್ಬೇಕು? ಇಲ್ಲ ಅಂದ್ರೆ ಇಲ್ಲ."

"ಅಕ್ಕ, ಒಂದೇ ಒಂದು ಸಲ. ಸೊನ್ನೆ ಇರೋ ಕಡೆ ವ ಒತ್ತಿ ನೋಡಿ."

"ಅದೇನು ಮಂತ್ರಾನಾ?" ಕೀಲಿ ಒತ್ತುವ ಸದ್ದು. ಆಮೇಲೆ ನಗು. "ಅಯ್ಯಯ್ಯೋ! ಬಂತಲ್ಲಪ್ಪ. ನಂದಾ ಲ್ವಿನ್, ತೇರ್ಗಡೆ. ಸರಿ, ನಾಳೆ ಲಾರಿ ಹತ್ತಿಸಿ. ಅಂದ ಹಾಗೆ, ಹೊಟ್ಟೆ ತುಂಬಿದೆ ಅನ್ನೋ ಅರ್ಥದ 'ವ'ನ ತಂದು ಖಾಲಿ ಸೊನ್ನೆ ಜಾಗದಲ್ಲಿ ಕೂರಿಸಿದ ಪುಣ್ಯಾತ್ಮರು ಯಾರು?"

ಪ್ಯೇ ಸೋನ್ ಓನ್ ಯೀಯನ್ನು ನೋಡಿದ. "ಮೆಷಿನ್ನಿಂದೇ ಏನೋ ದೋಷ ಅಕ್ಕ," ಎಂದು ಫೋನಿಟ್ಟ.

ಅಲ್ಲಿಗೆ ಮುಗಿಯಿತು. ಅವನಾಗಿ ಬಾಯಿ ಬಿಡುವವನಲ್ಲ. ಬರುವ ವಾರ ಇಬ್ಬರೂ ಕೂತು ಎಲ್ಲ ಗುಂಡುಗಳನ್ನೂ ಸದ್ದಿಲ್ಲದೆ ತಿದ್ದಿಬಿಡಬಹುದು. ಓನ್ ಯೀ ಅಂಗಡಿಯ ಬೆಂಚು ಹಿಡಿದು ಕುಳಿತಳು. ಅವಳಿಗೆ ತನ್ನ ಮೇಲೆ, ಆರು ಅರ್ಜಿ ನುಂಗಿದ ಕಚೇರಿಯ ಮೇಲೆ, ಈ ಸುಡುಗಾಡು ಯುದ್ಧದ ಮೇಲೆ, ಯಾರ ಮೇಲೆ ಮೊದಲು ಸಿಟ್ಟಾಗಬೇಕೋ ತಿಳಿಯಲಿಲ್ಲ. ಹೋದ ವರ್ಷ ಆ ಹುಡುಗ ಆಣೆ ಹಾಕುತ್ತಿದ್ದಾಗ ತಾನೊಮ್ಮೆ, ಒಂದೇ ಒಂದು ಸಲ, ಒತ್ತಿ ನೋಡಿದ್ದರೆ!

"ಸಯಾಮಾ."

ಮಾ ಚೋ ಮಗಳ ಕೈ ಹಿಡಿದು ಬಂದು ಎದುರಿನ ಮಣ್ಣುನೆಲದ ಮೇಲೆ ಮಂಡಿಯೂರಿದಳು. ನಂದಾ ಪಕ್ಕದಲ್ಲಿ ಕುಳಿತಳು. ಊರು ಬಿಡುವ ಮುನ್ನ ಗುರುಗಳಿಗೆ ನಮಸ್ಕರಿಸಿ ಹೋಗಬೇಕು, ಯುದ್ಧ ಅದೊಂದನ್ನು ಮುಟ್ಟಿರಲಿಲ್ಲ. ಇಬ್ಬರೂ ಕೈ ಮುಗಿದು ಮೂರು ಸಲ ಹಣೆ ನೆಲಕ್ಕೆ ಮುಟ್ಟಿಸಿದರು.

"ಮೈಯಿಂದ, ಮಾತಿಂದ, ಮನಸ್ಸಿಂದ ನಿಮಗೆ ಏನಾದ್ರೂ ತಪ್ಪು ಮಾಡಿದ್ರೆ ಕ್ಷಮಿಸಿ," ಎಂದಳು ಮಾ ಚೋ. ಅದು ಹೇಳಲೇಬೇಕಾದ ಮಾತು. ಆಮೇಲೆ ತನ್ನದೇ ಒಂದನ್ನು ಸೇರಿಸಿದಳು. "ನನ್ನ ಮಗನಿಂದ ನಿಮಗೆ ಆದ ಅವಮಾನಾನೂ ಕ್ಷಮಿಸಿಬಿಡಿ ಸಯಾಮಾ. ಅವತ್ತು ಎಲ್ಲರೆದುರು ನಿಮ್ಮ ಪಟ್ಟೀನೇ ತಪ್ಪು ಅಂದುಬಿಟ್ಟ."

ಇನ್ನು ಓನ್ ಯೀ ಹರಸಬೇಕು. ಹರಸುವ ತನಕ ಅವರು ಏಳುವಂತಿಲ್ಲ. ಪ್ಯೇ ಸೋನ್ ಒಲೆಯ ಬೂದಿ ಕೆದಕುತ್ತ ಆಚೆ ನೋಡುತ್ತಿದ್ದ. ಓನ್ ಯೀ ಹರಸಲೆಂದು ಕೈ ಎತ್ತಿದಳು, ಮತ್ತೆ ಇಳಿಸಿದಳು.

"ಫೋನು ಕೊಡೋ," ಎಂದಳು ಪ್ಯೇ ಸೋನ್‌ಗೆ.

"ಯಾಕೆ ದೊಡ್ಡಮ್ಮ? ಆಯ್ತಲ್ಲ ಕೆಲಸ."

"ಕೊಡು ಅಂದ್ರೆ ಕೊಡು."

ಸಿತುವಿನ ನಂಬರನ್ನು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ವರ್ಷದ ಅಷ್ಟೂ ಮಕ್ಕಳ ನಂಬರು ಅವಳಿಗೆ ಬಾಯಿಪಾಠ. ತ, ಒಂದು, ಆಮೇಲೆ ಆ ಗುಂಡು, ಮೂರು, ಮತ್ತೆ ಅದೇ ಗುಂಡು. ಈ ಸಲ ಅವಳು ಬೆರಳನ್ನು ನೋಡುತ್ತಲೇ ಒತ್ತಿದಳು. ಪರದೆ ಒಂದು ಕ್ಷಣ ಬಿಳಿಚಿಕೊಂಡು, ಆಮೇಲೆ ತುಂಬಿಕೊಂಡಿತು. ಅವಳು ಬೆಂಚಿನಿಂದಿಳಿದು ಮಾ ಚೋಳ ಎದುರು ನೆಲದ ಮೇಲೆ ಕುಳಿತು, ಫೋನನ್ನು ಅವಳತ್ತ ತಿರುಗಿಸಿದಳು.

"ತಪ್ಪು ನಂದು ಮಾ ಚೋ. ಯಂತ್ರದ್ದಲ್ಲ, ನಿನ್ನ ಮಗಂದೂ ಅಲ್ಲ. ಓದು."

ಮಾ ಚೋ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಮುಗಿದ ಕೈಗಳನ್ನು ಬಿಡಿಸದೆ ಮುಂದಕ್ಕೆ ಬಾಗಿದಳು. ತುಟಿ ಅಲುಗಿಸುತ್ತ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಮಗನ ಹೆಸರು ಓದಿದಳು. ಮುಂದಿನ ಪದಕ್ಕೆ ಬಂದು ತಡೆದಳು. ಮತ್ತೆ ಹೆಸರಿನಿಂದ ಶುರುಮಾಡಿದಳು.

"ತೇರ್... ಗ..." ಎಂದಳು, ಮತ್ತೆ ನಿಂತಳು. ಅವಳಿಗೆ ಅದನ್ನು ಯಾರೂ ಓದಿ ಹೇಳಲಿಲ್ಲ. ಅವಳು ಮಂಡಿಯೂರಿಕೊಂಡೇ, ತೀರ ನಿಧಾನಕ್ಕೆ, ಇನ್ನೊಂದು ಸಲ ಮೊದಲಿನಿಂದ ಓದತೊಡಗಿದಳು.