ಕೂರಬಾರದ ಕಟ್ಟೆ

“ಚೂಪು ಮೇಲಕ್ಕಿರ್ಲಿ ಕಣ್ಲಾ, ಬಡ್ಡೀಮಗನೆ. ಒಬ್ಬನೂ ಕುಂಡಿ ಊರಂಗಿರಬಾರ್ದು.”

ಕಾಲೇಜಿನ ಸೆಕ್ರೆಟರಿ ಗುರುಮಲ್ಲಯ್ಯ ಕೊಡೆ ಹಿಡಿದು ನಿಂತಿದ್ದ. ಗಾರೆ ಕೆಲಸದ ಪುಟ್ಟಮಾದು ಹಸಿ ಸಿಮೆಂಟಿಗೆ ಚೂಪುಗಲ್ಲು ಒತ್ತುತ್ತ ಹೋದ.

ಗುಂಡ್ಲುಪೇಟೆಯ ಆ ಕಾಲೇಜಿನ ಅಂಗಳದ ನಡುವೆ ಒಂದು ಹೊಂಗೆಮರ, ಅದರ ಸುತ್ತ ದುಂಡಗಿನ ತಗ್ಗು ಕಟ್ಟೆ. ಕ್ಲಾಸಿನಲ್ಲಿ ಮುಂದಿನ ಬೆಂಚು ಯಾರದು, ಹಿಂದಿನದು ಯಾರದು ಅನ್ನುವುದು ಯಾರೂ ಹೇಳದೆಯೇ ತೀರ್ಮಾನವಾಗಿತ್ತು. ದುಂಡು ಕಟ್ಟೆಗೆ ಹಿಂದು ಮುಂದು ಇರಲಿಲ್ಲ. ಹಾಸ್ಟೆಲ್ಲಿನ ಕೇರಿ ಹುಡುಗರು, ಪೇಟೆಯ ಮುಸ್ಲಿಂ ಹೆಣ್ಣುಮಕ್ಕಳು, ಕಸ ಗುಡಿಸುವವರು ಎಲ್ಲ ಮಗ್ಗುಲು ಮಗ್ಗುಲಲ್ಲೇ ಕೂತು ಉಣ್ಣುತ್ತಿದ್ದರು. ಹಾಗೆ ಉಣ್ಣುತ್ತಲೇ ಹಾಸ್ಟೆಲ್ಲಿನ ಹುಳ ಬಿದ್ದ ಅನ್ನದ ಮಾತೆದ್ದು, ಹೋದ ವಾರ ಅಷ್ಟೂ ಜನ ನೆಟ್ಟಗೆ ಆಫೀಸಿನ ಮುಂದೆ ಹೋಗಿ ನಿಂತಿದ್ದರು. ಗುರುಮಲ್ಲಯ್ಯನಿಗೆ ಅನ್ನದಲ್ಲಿ ತಪ್ಪು ಕಾಣಲಿಲ್ಲ, ಕಟ್ಟೆಯಲ್ಲಿ ಕಂಡಿತು. ಒಡೆಸಿದರೆ ಗಲಾಟೆಯಾದೀತೆಂದು ಕಲ್ಲು ನೆಡಿಸುತ್ತಿದ್ದ.

ಪುಟ್ಟಮಾದುವಿನ ಮಗಳು ಶ್ರುತಿ ಅಲ್ಲೇ ಬಿ.ಎ. ಓದುತ್ತಿದ್ದಳು; ಹೋದ ವಾರ ಆಫೀಸಿನ ಮುಂದೆ ನಿಂತವರಲ್ಲಿ ಅವಳೂ ಒಬ್ಬಳು. ಇವತ್ತಿನ ಕೆಲಸ ಎಲ್ಲಿ ಅಂತ ಅವನು ಮನೆಯಲ್ಲಿ ಬಾಯಿಬಿಟ್ಟಿರಲಿಲ್ಲ. ಊಟದ ಬೆಲ್ಲಿಗೆ ಮುಂಚೆ ಮುಗಿಸಿ ಹೊರಟುಬಿಡಬೇಕೆಂದು ನೀರೂ ಕುಡಿಯದೆ ದುಡಿದಿದ್ದ.

ಮುಗಿಯಲಿಲ್ಲ. ಬೆಲ್ಲು ಹೊಡೆಯಿತು. ಡಬ್ಬಿ ಹಿಡಿದು ಬಂದವರು ಕಟ್ಟೆ ನೋಡಿ ನಿಂತುಬಿಟ್ಟರು. ಶ್ರುತಿಯೂ ನಿಂತಳು.

ಗುರುಮಲ್ಲಯ್ಯ ನಕ್ಕ. “ನೋಡಮ್ಮಿ, ನಿಮ್ಮಪ್ಪನ ಕೈಲೇ ಮಾಡುಸ್ದೆ. ಇನ್ನೆಲ್ಲಿ ಕೂತ್ಕಂಡು ಮೀಟಿಂಗ್ ಮಾಡೀಯೆ?”

ಶ್ರುತಿ ಅಪ್ಪನ ಮುಖ ನೋಡಲಿಲ್ಲ. ಹೋಗಿ ಆ ಚೂಪುಗಲ್ಲುಗಳ ಮೇಲೇ ಕೂತು ಡಬ್ಬಿ ಬಿಚ್ಚಿದಳು. ನೋವಿಗೆ ಕಣ್ಣು ತುಂಬಿದವು. ಅವಳ ಗೆಳತಿ, ದರ್ಜಿಯ ಮಗಳು ಅಸ್ಮಾ, ಬುರ್ಖಾ ಮುದುರಿಕೊಂಡು ಪಕ್ಕದಲ್ಲೇ ಕೂತಳು.

“ಎಳ್ದಾಕ್ಲಾ ನಿನ್ ಮಗ್ಳ,” ಅಂದ ಗುರುಮಲ್ಲಯ್ಯ. “ಇಲ್ದಿದ್ರೆ ಈ ತಾಲ್ಲೂಕಲ್ಲೇ ನಿಂಗೆ ಕೆಲ್ಸ ಹುಟ್ಟಕ್ಕಿಲ್ಲ.”

ಪುಟ್ಟಮಾದು ಮಗಳ ಹತ್ತಿರ ಹೋಗಿ, “ವಸಿ ಏಳವ್ವ,” ಅಂದ. ರಟ್ಟೆ ಹಿಡಿದು ಎಬ್ಬಿಸಿದ. ಆಮೇಲೆ ಬಗ್ಗಿ, ಅವಳು ಕೂತಿದ್ದ ಜಾಗದಿಂದ ಒಂದೊಂದೇ ಕಲ್ಲು ಕೀಳತೊಡಗಿದ.

ಗುರುಮಲ್ಲಯ್ಯ ಅವನ ತಾಯಿಯನ್ನೂ ಜಾತಿಯನ್ನೂ ಸೇರಿಸಿ ಬೈಯುತ್ತ ವಾಚ್‌ಮನ್‌ನನ್ನು ಕೂಗಿದ. ಪುಟ್ಟಮಾದು ತಲೆ ಎತ್ತಲಿಲ್ಲ. ಸಿಮೆಂಟು ಬೆರಳ ಸಂದುಗಳನ್ನು ತಿಂದು ರಕ್ತ ಒಸರಿತು. ಈ ಮಗ್ಗುಲಿನ ಕಲ್ಲುಗಳು ಬಿಟ್ಟುಕೊಂಡವು. ಬೆಳಿಗ್ಗೆ ಮೊದಲು ನೆಟ್ಟ ಆ ಮಗ್ಗುಲಿನವು ಆಗಲೇ ಕಚ್ಚಿಕೊಂಡಿದ್ದವು. ಉಗುರು ಕಿತ್ತುಬಂತೇ ಹೊರತು ಕಲ್ಲು ಅಲ್ಲಾಡಲಿಲ್ಲ.

“ಸುತ್ತಿಗೆ ತತ್ತಾ, ಮಗಾ,” ಅಂದ, ಶ್ರುತಿಯ ಕಡೆ ಕೈಚಾಚಿ.